ಹಲೀನಾ ವಾಪಸು ಬಂದಳು

ಜಾಬ್ರಿಯಾ, ಕುವೈತ್
18 ಸೆಪ್ಟೆಂಬರ್ 1990

ಪ್ರೀತಿಯ ಸುಮಿತ್‌ನ ಅಪ್ಪನಿಗೆ,

ನೀವೂ ಮಗುವೂ ಹೇಗಿದ್ದೀರಿ? ನಿಮ್ಮ ಬೆನ್ನುನೋವು ಕಡಿಮೆಯಾಯಿತೇ? ರಜೆಗೆಂದು ಊರಿಗೆ ಹೋದವರು ಅಲ್ಲೇ ಉಳಿಯುವಂತಾಯಿತು, ಅದು ಒಳ್ಳೆಯದೇ ಆಯಿತು. ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಅಂಚೆಯೂ ಇಲ್ಲ, ಫೋನೂ ಇಲ್ಲ. ಮೂಲ್ಕಿಯ ಬರ್ನಾರ್ಡ್ ಬಸ್ಸಿನಲ್ಲಿ ಬಾಗ್ದಾದಿನ ಮೇಲೆ ಅಮ್ಮಾನಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳುಹಿಸುತ್ತಿದ್ದೇನೆ.

ಇರಾಕಿ ಸೈನಿಕರು ಸಾಲದೆಂದು ಮನೆಯೊಳಗೆ ಹಲೀನಾ ನನ್ನ ತಲೆ ತಿನ್ನುತ್ತಿದ್ದಾಳೆ. ನಮ್ಮ ಡಯಾಲಿಸಿಸ್ ವಾರ್ಡಿನ ಪೋಲೆಂಡಿನ ಸಿಸ್ಟರ್, ನಿಮಗೆ ನೆನಪಿರಬಹುದು. ಅವಳಿದ್ದ ಕಟ್ಟಡದಲ್ಲಿ ಸೈನಿಕರು ಬಂದು ಕೂತರು. ಪಾಪ ಎಂದು ಕರೆತಂದೆ. ಬಂದ ದಿನವೇ ಸ್ನಾನದ ತೊಟ್ಟಿ, ಬಕೆಟ್, ಕುಕ್ಕರ್, ಕೊನೆಗೆ ಸುಮಿತ್‌ನ ಶಾಲೆಯ ಬಾಟಲಿಗೂ ನೀರು ತುಂಬಿಸಿಟ್ಟಳು. ನನಗೆ ಮೀಯಲು ಜಾಗವಿಲ್ಲ. ದೋಸೆ ಹಿಟ್ಟಿನ ಪಾತ್ರೆಯಲ್ಲಿ ಇನ್ನೇನೋ ಹಿಟ್ಟು ಕಲಸಿ, ದಿನಗಟ್ಟಲೆ ಹುಳಿ ಬರಿಸಿ, ಅದನ್ನೇ ಸಾರು ಮಾಡಿ ಕುಡಿಯುತ್ತಾಳೆ. ಮನೆಯೆಲ್ಲ ಅದರದೇ ವಾಸನೆ. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ತಿನ್ನುತ್ತಾಳೆ. ನಾನು ಒಣಗಿದ ತುಂಡನ್ನು ಎಸೆದರೆ ಕಸದಿಂದ ತೆಗೆದು ತರುತ್ತಾಳೆ.

ಒಂದು ದಿನ ತಾಳಲಾರದೆ ಬೈದೆ. ಆಗ ಹೇಳಿದಳು. ಆರು ವರ್ಷದವಳಾಗಿದ್ದಾಗ ವಾರ್ಸಾದಲ್ಲಿ, ಜರ್ಮನರು ಊರನ್ನು ಸುಡುತ್ತಿದ್ದಾಗ, ತಾಯಿಯ ಜೊತೆ ನೆಲಮಾಳಿಗೆಯಲ್ಲಿ ಅಡಗಿದ್ದಳಂತೆ. ಅವಳ ತಂಗಿ ಅಲ್ಲಿ ನೀರಿಲ್ಲದೆ ಸತ್ತಳಂತೆ. ಯುದ್ಧ ಮುಗಿದು ಹಿಂದಿರುಗಿದಾಗ ಊರೇ ಇರಲಿಲ್ಲ, ಬರೀ ಇಟ್ಟಿಗೆಯ ರಾಶಿ. ಶಾಲೆಯ ಮಕ್ಕಳೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಆ ಇಟ್ಟಿಗೆಗಳನ್ನೇ ದಾಟಿಸಿದರಂತೆ, ಊರು ಮತ್ತೆ ಕಟ್ಟಲು. ಅವಳ ಮೇಲೆ ಸಿಟ್ಟು ಮಾಡುವ ಸುಖವೂ ನನಗೆ ಉಳಿಯಲಿಲ್ಲ ನೋಡಿ.

ಕುವೈತ್ ಇನ್ನು ಇರಾಕಿನದೇ ಪ್ರಾಂತ್ಯ ಎಂದು ರೇಡಿಯೊ ಹೇಳಿದಾಗ ನಾನು ಅತ್ತೆ. ಅವಳು ಆಲೂಗಡ್ಡೆ ಸುಲಿಯುತ್ತಾ, "ನಮ್ಮ ದೇಶವೂ ನೂರು ವರ್ಷಕ್ಕಿಂತ ಹೆಚ್ಚು ನಕಾಶೆಯಲ್ಲಿ ಇರಲಿಲ್ಲ ವಾರ್ಯಾ. ಆದರೂ ನಾವು ಇದ್ದೆವು" ಎಂದಳು. ನನ್ನ ಹೆಸರು ಅವಳ ಬಾಯಲ್ಲಿ ಹಾಗೆ. "ನನ್ನ ಹತ್ತಿರ ಅಷ್ಟು ವರ್ಷ ಇಲ್ಲ ಮಾರಾಯ್ತಿ" ಎಂದೆ.

ಹೋದ ವಾರ ಅವರ ರಾಯಭಾರ ಕಚೇರಿಯವರು ಬಸ್ಸು ಹೊರಡಿಸಿದರು. ಅಪ್ಪಿಕೊಂಡು ಹೋದಳು. ನಾನು ಕಿಟಕಿ ತೆರೆದು, ಆ ಹುಳಿಹಿಟ್ಟು ಚೆಲ್ಲಿ, ಪಾತ್ರೆ ಉಜ್ಜಿ ಕವುಚಿಟ್ಟೆ. ಮಧ್ಯಾಹ್ನ ಬೆಲ್ಲು. ನೋಡಿದರೆ ಪೆಟ್ಟಿಗೆ ಎಳೆದುಕೊಂಡು ನಿಂತಿದ್ದಾಳೆ. "ವಾರ್ಡಿನ ಉಳಿದ ಸಿಸ್ಟರುಗಳೆಲ್ಲ ಹೋದರು. ನೀನೊಬ್ಬಳೇ ಎಷ್ಟು ಮೆಷಿನ್ ನೋಡುತ್ತೀ?" ಎಂದಳು. ಬಾಯಿಗೆ ಬಂದಂತೆ ತುಳುವಿನಲ್ಲೇ ಬೈದೆ. ಪೆಟ್ಟಿಗೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, "ನನ್ನ ಹಿಟ್ಟೆಲ್ಲಿ?" ಎಂದು ಕೇಳಿದಳು. ಚೆಲ್ಲಿದೆ ಎಂದೆ. ಅದಕ್ಕೆ ಮಾತ್ರ ಅವಳಿಗೆ ಸಿಟ್ಟು ಬಂತು, ಎರಡು ದಿನ ನನ್ನೊಡನೆ ಮಾತಿಲ್ಲ. ಇಂಥವಳ ಜೊತೆ ಹೇಗೆ ಬಾಳುವುದು, ನೀವೇ ಹೇಳಿ.

ಅತ್ತೆಗೆ ನಮಸ್ಕಾರ ತಿಳಿಸಿ. ಸುಮಿತ್‌ನ ಕೆನ್ನೆಗೆ ನನ್ನದೊಂದು ಮುತ್ತು.

ನಿಮ್ಮ,
ವಾರಿಜಾ

ಮ.ವಿ.: ಬರ್ನಾರ್ಡ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅವನ ಬಸ್ಸಿನಲ್ಲಿ ನನಗೂ ಸೀಟಿತ್ತು. ಅದರಲ್ಲಿ ಪಕ್ಕದ ಮನೆಯ ಐಸಮ್ಮ ಕೂತಿದ್ದಾಳೆ, ತುಂಬಿದ ಬಸುರಿ. ಹಲೀನಾಳನ್ನು ದೂರಬೇಡಿ, ಅವಳು ಹೋಗೆಂದೇ ಜಗಳವಾಡಿದಳು. ಮೆಷಿನ್ ನಿಂತರೆ ವಾರ್ಡಿನ ರೋಗಿಗಳು ವಾರವೂ ಬದುಕುವುದಿಲ್ಲ, ಅವಳೊಬ್ಬಳಿಂದ ಆಗದು. ಸುಮಿತ್‌ಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ, ನೀವೇ ಹೇಳಿ.