ನೆಲಹಾಸಿನಡಿಯ ದಾರಿ

ದಡದ ಮನೆ
ಹತ್ತನೇ ತಾರೀಖು, ಭಾನುವಾರ ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕ ಎದ್ದು ಓಡಾಡುತ್ತಿದ್ದಾಳಾ? ಮಗು ಹಗಲೆಲ್ಲ ನಿದ್ದೆ ಹೊಡೆದು ರಾತ್ರಿ ನಿಮ್ಮನ್ನು ಕುಣಿಸುತ್ತದಂತೆ. ಥೇಟ್ ಚಿಕ್ಕಮ್ಮನ ಬುದ್ಧಿ ಅಂತ ನೀನು ಹೇಳಿರುತ್ತೀ, ನನಗೆ ಗೊತ್ತು. ಅಪ್ಪನ ಜ್ವರ ಬಿಟ್ಟಿದೆ, ಕೆಮ್ಮು ಸ್ವಲ್ಪ ಉಳಿದಿದೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯಲು ಮಾತ್ರ ಕೈ ಬರುತ್ತಿಲ್ಲ.

ಅಪ್ಪ ಮಲಗಿದ್ದರಿಂದ ಈ ವಾರವಿಡೀ ದೋಣಿ ದಡದಲ್ಲೇ ಇತ್ತು. ಆಚೆ ದಡದ ಸ್ಕೂಲಿಗೆ ಹೋಗುವ ಮಕ್ಕಳೆಲ್ಲ ಸೇತುವೆ ಸುತ್ತಿ ಬಸ್ಸಿನಲ್ಲಿ ಹೋದರು. ಇದೇ ಸಮಯ ಅಂತ ನಾನು ದೋಣಿಯ ನೆಲಕ್ಕೆ ಕೈ ಹಾಕಿದೆ. ಆ ಹಸಿರು ಶೀಟಿನ ಗತಿ ನಿನಗೆ ಗೊತ್ತೇ ಇದೆ. ಹೋದ ತಿಂಗಳು ಟೀಚರಮ್ಮ ಅದರ ಹರಕಿಗೆ ಕಾಲು ಸಿಕ್ಕಿಸಿಕೊಂಡು ದೊಪ್ಪನೆ ಬಿದ್ದರಲ್ಲ, ಆವತ್ತಿನಿಂದ ಕಿತ್ತುಹಾಕೋಣ ಅನ್ನುತ್ತಲೇ ಇದ್ದೆ. ಅಪ್ಪ, "ನೆಲ ನೋಡೋಕೆ ಯಾರೂ ದೋಣಿ ಹತ್ತಲ್ಲ, ಸುಮ್ನಿರೇ" ಅಂತ ಹಾರಿಬೀಳುತ್ತಿದ್ದರು. ನಾನೇನು ಕಡಿಮೆಯೇ, ಅವರ ಮಗಳೇ ತಾನೇ! ಗುಟ್ಟಾಗಿ ಮಾಡಿ ಮುಗಿಸಿ ಬಾಯಿ ಮುಚ್ಚಿಸೋಣ ಅಂದುಕೊಂಡೆ.

ಶೀಟು ಎತ್ತಿದರೆ ಕೆಳಗೆ ಹಗ್ಗ ತುಂಬಿ ಹೊಲಿದ ಬಟ್ಟೆಯ ಪಟ್ಟಿಗಳು, ಕಿರುಬೆರಳಿನಷ್ಟು ದಪ್ಪ. ಹತ್ತುವ ಮೆಟ್ಟಿಲಿನಿಂದ ಹೊರಟು, ಮುಂದಿನ ಬೆಂಚಿನ ಪಕ್ಕದಲ್ಲಿ ಹಾದು, ಇಂಜಿನ್ ಪೆಟ್ಟಿಗೆಯನ್ನು ಬಳಸಿ ಸ್ಟೇರಿಂಗಿನ ಬುಡಕ್ಕೆ ಹೋಗಿದ್ದವು. ನೀರು ಹೀರಲಿ ಅಂತ ಇಟ್ಟಿರಬೇಕು ಅಂದುಕೊಂಡು ಕಿತ್ತು ಚೀಲಕ್ಕೆ ತುಂಬಿದೆ. ಆಮೇಲೆ ಶುರುವಾಯಿತು ನೋಡು ಹಳೆಯ ಅಂಟಿನ ಕಾಟ! ಬಿಸಿನೀರು ಸುರಿದು ಉಳಿಯಿಂದ ಕೆರೆದೂ ಕೆರೆದೂ ಉಗುರೆಲ್ಲ ಕಪ್ಪಾಯಿತು. ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದ ಮೇಲೆ ಹಲಗೆ ಎಷ್ಟು ಕೆಂಪಗೆ ಎದ್ದು ಬಂತು ಅಂತೀ! ಒಂದು ಗಂಟೂ ಕೈಗೆ ತಾಕದ ಹಾಗೆ ನುಣ್ಣಗೆ ಮಾಡಿ ವಾರ್ನಿಶ್ ಹೊಡೆದೆ. ಜಂಬ ಬಂದಿತ್ತಮ್ಮ ನನಗೆ.

ಇವತ್ತು ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಹೋದೆ. ಮೆಟ್ಟಿಲಿಳಿದು ನಿಂತರು. ಇಷ್ಟು ಹೊಳೆಯುವ ನೆಲ ಕಣ್ಣೆದುರಿಗಿದೆ, "ಏನೋ ವಾಸನೆ ಬರ್ತಿದೆಯಲ್ಲ?" ಅಂದರು. ಬರಿಗಾಲಿನಿಂದ ನೆಲವನ್ನು ಆಚೆ ಈಚೆ ಸವರಿದರು. ಎರಡು ಹೆಜ್ಜೆ ಇಟ್ಟವರೇ ಇಂಜಿನ್ ಪೆಟ್ಟಿಗೆಗೆ ಮೊಣಕಾಲು ಬಡಿಸಿಕೊಂಡು, ಗಾಳಿಯಲ್ಲಿ ಕೈ ಚಾಚಿ ಹಾಗೇ ನಿಂತುಬಿಟ್ಟರು. ನಾನು ಪಾಪಿ, ನಕ್ಕೆ. "ಏನಪ್ಪಾ, ನಿಮ್ಮ ದೋಣೀಲೇ ದಾರಿ ತಪ್ಪಿಬಿಟ್ರಾ?" ಅಂದೆ. ಆಮೇಲೆ ಅವರ ಮುಖ ನೋಡಿದೆ.

ಅಪ್ಪನಿಗೆ ಕಣ್ಣು ಕಾಣುವುದಿಲ್ಲ. "ಆಚೆ ದಡದ ಗೋಡೆ ಬೆಳ್ಳಗೆ ಕಾಣುತ್ತೆ, ಅಷ್ಟು ಸಾಕು ನಂಗೆ. ಈ ನೀರು ನಂಗೇನು ಹೊಸದಾ?" ಅಂತ ನನ್ನನ್ನೇ ಗದರಿದರು. ಅಷ್ಟು ಮಕ್ಕಳನ್ನು ಕೂರಿಸಿಕೊಂಡು! ಬಾಯಿಗೆ ಬಂದ ಹಾಗೆ ಕೂಗಾಡಿದೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ತೋರಿಸಿ ಆಯ್ತು, ಇನ್ನೇನೂ ಮಾಡೋಕಾಗಲ್ಲ ಅಂದ್ರು" ಅಂದರು. ಯಾರ ಜೊತೆ ಹೋಗಿದ್ರಿ ಅಂದರೆ ದೋಣಿ ಕೀಲಿ ಕೊಡು ಅಂತ ಕೈ ಚಾಚಿದರು. ಈಗ ಹೊಸ್ತಿಲ ಮೇಲೆ ಕೂತಿದ್ದಾರೆ, ಊಟ ಮುಟ್ಟಿಲ್ಲ. ನಾಳೆ ದೋಣಿ ಬಿಡೋದು ನಾನೇ ಅಂತ ಒಂದೇ ಹಠ. ಕೀಲಿ ನನ್ನ ಸೊಂಟದಲ್ಲಿದೆ. ದೋಣಿ ನಡೆಸಲು ನನಗೆ ಬರುತ್ತದೆ, ಕಲಿಸಿದವರೇ ಅವರು. ಆದರೆ ಅವರನ್ನು ದಡದಲ್ಲಿ ನಿಲ್ಲಿಸಿ ನಾನು ಹೊರಡುವುದು ಹೇಗೆ ಹೇಳು?

ಅಕ್ಕನಿಗೆ ಈಗಲೇ ಹೇಳಬೇಡ, ಹಸಿ ಮೈ. ಭಾವನಿಗೆ ನಮಸ್ಕಾರ, ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ
ಬಾಯಿಬಡುಕಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಆ ಪಟ್ಟಿಗಳನ್ನು ಚೀಲದಿಂದ ತೆಗೆದು ನೋಡಿದೆ. ನನ್ನ ಸ್ಕೂಲಿನ ನೀಲಿ ಲಂಗದ ಬಟ್ಟೆ, ನಿನ್ನ ಒತ್ತು ಹೊಲಿಗೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮಕ್ಕಳನ್ನು ಹತ್ತಿಸುತ್ತಿದ್ದೆಯಲ್ಲ ಅಮ್ಮ! ಸಿಟ್ಟು ಆಮೇಲೆ ಮಾಡುತ್ತೇನೆ. ಹೊಸ ವಾರ್ನಿಶ್ ಮೇಲೆಯೇ ಮೊಳೆ ಹೊಡೆದು ಪಟ್ಟಿಗಳನ್ನು ಮತ್ತೆ ಹಾಕಿ ಬಂದಿದ್ದೇನೆ, ಎಲ್ಲರಿಗೂ ಕಾಣಲಿ. ಮೆಟ್ಟಿಲಿನಿಂದ ಮುಂದಿನ ಬೆಂಚಿನವರೆಗೆ ಮಾತ್ರ. ಸ್ಟೇರಿಂಗಿನವರೆಗೆ ಹಾಕಿಲ್ಲ. ಇನ್ನು ಮೇಲೆ ಅವರ ಜಾಗ ಆ ಬೆಂಚೇ ಅಂತ ಅಪ್ಪನಿಗೆ ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ನಾಳೆ ಬೆಳಿಗ್ಗೆ ಅವರ ಕಾಲಿಗೇ ಗೊತ್ತಾಗುತ್ತದೆ. ಆಗ ನೀನು ಇಲ್ಲಿರಬೇಕಿತ್ತು.