ಗೆಳತಿಗೆ ಕೊಟ್ಟ ಮೌತ್‌ಗಾರ್ಡ್

ಪುಟ್ಟಿ,

ಎಬ್ಬಿಸಿದ್ರೆ ಜಗಳ ಆಗುತ್ತೆ ಅಂತ ಬರೆದಿಟ್ಟು ಹಲ್ಲಿನ ಲ್ಯಾಬಿಗೆ ಹೊರಟಿದ್ದೀನಿ.

ಆಡುವಾಗ ಹಲ್ಲಿಗೆ ಏಟಾಗದ ಹಾಗೆ ಹಾಕ್ಕೊಳ್ಳೋ ನಿನ್ನ ಮೌತ್‌ಗಾರ್ಡ್ ತೊಳೆಯೋಣ ಅಂತ ಡಬ್ಬಿ ತೆಗೆದ್ರೆ ಖಾಲಿ. ಟೀಮಿನ ಉದ್ದಜಡೆ ಹುಡುಗಿಗೆ ಕೊಟ್ಟಿದ್ದೀಯಂತೆ, ಅಮ್ಮ ಹೇಳಿದ್ಲು. ತಲೆ ನೆಟ್ಟಗಿದೆಯಾ ನಿಂಗೆ? ಊಟ ಬಿಟ್ಟು ಕೂತು, ನಿನ್ನ ಹಲ್ಲಿನ ಅಚ್ಚಿಗೆ ಸರಿಯಾಗಿ ನಾನು ಮಾಡಿದ್ದು ಅದು. ಅವಳ ಬಾಯಲ್ಲಿ ಲೊಡಲೊಡ ಅನ್ನುತ್ತೆ, ನಿನ್ನ ಬಾಯಲ್ಲಿ ಏನೂ ಇಲ್ಲ. ಚೆಂಡು ಬಡಿದ್ರೆ ಹಲ್ಲು ಕಟ್ಟಿಸೋಕೆ ಇಬ್ರೂ ಬರೋದು ನನ್ನ ಮೇಜಿಗೇ.

ಅವಳಿಗೆ ಸ್ವಂತದ್ದು ಇಲ್ವಂತೆ. ನನ್ನನ್ನ ಕೇಳೋಕೆ ನಿಂಗೆ ಬಾಯಿರಲಿಲ್ವಾ?

ಹಾಲು ಒಲೆ ಮೇಲಿದೆ, ಉಕ್ಕಿಸಬೇಡ.

ಹಾಕಿ ಸ್ಟಿಕ್ ಹುಡುಕಬೇಡ, ನಾನು ತಗೊಂಡು ಹೋಗ್ತಿದ್ದೀನಿ. ನಾಳೆ ಮ್ಯಾಚ್ ಆಡಬೇಕಾದ್ರೆ ಇವತ್ತು ಹನ್ನೊಂದಕ್ಕೆ ಅವಳನ್ನ ಕರ್ಕೊಂಡು ಲ್ಯಾಬಿಗೆ ಬಾ. ಅವಳ ಹಲ್ಲಿನ ಅಚ್ಚು ತೆಗೆದ ಮೇಲೇ ಸ್ಟಿಕ್ ಕೊಡೋದು.

ಅಕ್ಕ