ಶಾಲಿನ ಕೆಳಗಿದ್ದ ರಿವಾಲ್ವರ್

ಬೇಗೂರು, ಭಾನುವಾರ ಬೆಳಿಗ್ಗೆ

ನನ್ನ ಮುನಿವೆಂಕಟಮ್ಮಜ್ಜಿಗೆ,

ನಿನ್ನ ಮೊಮ್ಮಗ ರೇವಂತ ಬರೆಯುತ್ತಿದ್ದೇನೆ. ನಗಬೇಡ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಓಡಿದವನು ಪೆನ್ನು ಹಿಡಿದು ಕೂತಿದ್ದಾನೆ ಅಂದರೆ ಏನೋ ಕಾರಣ ಇರುತ್ತದೆ. ಫೋನಿನಲ್ಲಿ ಹೇಳೋಣ ಅಂದರೆ ನೀನು "ಉಂಡ್ಯಾ? ಬಾಗ್ಲು ಹಾಕ್ಕೊಂಡ್ಯಾ?" ಎಂದು ಎರಡು ಪ್ರಶ್ನೆ ಕೇಳಿ ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದ. ಕಣ್ಣಿನ ಪೊರೆ ತೆಗೆಸಿಕೊಂಡು ಮಾಲೂರಿನಲ್ಲಿ ಸಂಗೀತಾ ಅತ್ತೆ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದೀಯಲ್ಲ, ಅತ್ತೆ ಮಗಳು ಇಂಚರ ಓದಿ ಹೇಳುತ್ತಾಳೆ. ಇಂಚರಾ, ನಡುವೆ ಬೈಗುಳ ಬಂದರೆ ನುಂಗಬೇಡ, ಜೋರಾಗಿ ಓದು. ಅಷ್ಟನ್ನೂ ನನಗೆ ಕಲಿಸಿದ್ದು ಅಜ್ಜಿಯೇ.

ನಾನು ಈಗ ಕೂತಿರುವುದು ನಮ್ಮ ಸೈಟಿನಲ್ಲಿ. ನಮ್ಮ ಅಂಗಡಿಯಲ್ಲಿ. ಶೀಟು ಹೊದಿಸಿ ಮುಗಿಯಿತು. ಹೊಲಿಗೆ ಮಷೀನು ಬಂದು ಕೂತಿದೆ. ನಿನ್ನೆ ಎರಡು ಆಟೋ ಸೀಟು, ಒಂದು ಬುಲೆಟ್ ಬೈಕಿನ ಸೀಟು ಹೊಲಿದೆ. ಬಿಟಿಎಂನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಆರು ವರ್ಷ ಹೊಲಿದಾಗ ಬರದ ಖುಷಿ ಇಲ್ಲಿ ಒಂದು ಸೀಟು ಹೊಲಿದರೆ ಬರುತ್ತದೆ. ಬಾಗಿಲಿಂದ ನೋಡಿದರೆ ಕೆರೆ ಕಡೆಯಿಂದ ಬರುವ ಕೊಕ್ಕರೆಗಳು ಕಾಣುತ್ತವೆ. ಚಕ್ರಪಾಣಿಯ ಜೆಸಿಬಿ ಮಾತ್ರ ಕಾಣುವುದಿಲ್ಲ.

ಇಂಚರಾ, ನಿನಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಚಕ್ರಪಾಣಿ ಎಂದರೆ ನಮ್ಮ ಪಕ್ಕದ ಸೈಟಿನ ಕಂಟ್ರಾಕ್ಟರ್. ಮೊದಲು ನಮ್ಮ ಜಾಗದಲ್ಲಿ ಜಲ್ಲಿ ಸುರಿದ. ಆಮೇಲೆ ಜೆಸಿಬಿ ನಿಲ್ಲಿಸಿದ. ಆಮೇಲೆ ನೋಡಿದರೆ ನಮ್ಮ ಗಡಿಕಲ್ಲಿಗೇ ಕಾಲು ಬಂದಿತ್ತು, ವಾರಕ್ಕೆ ಒಂದು ಗೇಣು ಒಳಗೆ ನಡೆಯುತ್ತಿತ್ತು. ಕೇಳಲು ಹೋದರೆ, "ಖಾಲಿ ಬಿದ್ದಿತ್ತಲ್ಲ ಗುರು, ಏನ್ ಸವೆದೋಯ್ತಾ?" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಯ ಬೀರುವಿನಲ್ಲಿ ತಾತನ ರಿವಾಲ್ವರ್ ಇತ್ತು. ಹಿಂದೆ ಇದೇ ಜಾಗಕ್ಕೆ ಸಹಿ ಹಾಕು ಎಂದು ಬಾಗಿಲಿಗೆ ಬಂದು ಹೆದರಿಸಿದವರಿದ್ದರಂತೆ, ಆಗ ತಾತ ಲೈಸೆನ್ಸ್ ಮಾಡಿಸಿದ್ದು. ಅಜ್ಜಿ, ತಾತ ಹೋದ ಮೇಲೆ ವಾರಸುದಾರಳು ಎಂದು ಅದು ನಿನ್ನ ಹೆಸರಿಗೆ ಬಂತು. ಬೀಗದ ಕೈ ನಿನ್ನ ತಾಳಿ ಸರದಲ್ಲಿತ್ತು ಒಂದು ಕಾಲದಲ್ಲಿ, ಆಮೇಲೆ ಎಲೆಅಡಿಕೆ ಸಂಚಿಗೆ ಬಂತು. ಆಯುಧಪೂಜೆಯ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ನನ್ನ ಕತ್ತರಿಗೆ, ಸ್ಕೂಟರಿಗೆ, ಅದಕ್ಕೆ ಒಂದೇ ತಟ್ಟೆಯ ಕುಂಕುಮ. ಪೂಜೆ ಮುಗಿದ ತಕ್ಷಣ ಒರೆಸಿ, ಬಟ್ಟೆ ಸುತ್ತಿ, ಒಳಗೆ. ನೀನು ಒಮ್ಮೆಯೂ ನನ್ನನ್ನು ಅದರ ಮೈಮುಟ್ಟಲು ಬಿಡಲಿಲ್ಲ.

ನಾನು ಫೋನಿನಲ್ಲಿ ಯಾವುದೋ ದೇಶದ ವಿಡಿಯೋ ನೋಡಿದ್ದೆ. ಅಲ್ಲಿ ಜನ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಎಲ್ಲರಿಗೂ ಕಾಣುವ ಹಾಗೆ ತರಕಾರಿ ಕೊಳ್ಳುತ್ತಾರೆ. ಯಾರೂ ತಿರುಗಿಯೂ ನೋಡುವುದಿಲ್ಲ. ನನ್ನ ತಲೆಯಲ್ಲಿ ಅದೇ ಕೂತಿತು. ಲೈಸೆನ್ಸ್ ಇದೆ, ಸರ್ಕಾರದ ಸೀಲು ಇದೆ, ಮತ್ತೆ ಬಚ್ಚಿಡುವುದು ಯಾಕೆ? ಕಳ್ಳಮಾಲು ಬಚ್ಚಿಡಬೇಕು, ಲೈಸೆನ್ಸಿನ ಮಾಲು ಯಾಕೆ? ನಿನ್ನ ಲೈಸೆನ್ಸ್ ಪುಸ್ತಕ ಬಿಡಿಸಿ ನೋಡಿದೆ. ಇಂಗ್ಲಿಷು. ಅರ್ಧ ಅರ್ಥವಾಯಿತು, ಇನ್ನರ್ಧ ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ತೋರಿಸಬಾರದು ಎಂದು ಎಲ್ಲೂ ಬರೆದಿಲ್ಲ ಎಂದು ನಿನ್ನ ಹತ್ತಿರ ಕೂಗಾಡಿದೆ.

ನೀನು ಅಡಿಕೆ ಕತ್ತರಿಸುತ್ತಲೇ ಹೇಳಿದ್ದು ನೆನಪಿದೆ. "ಕಾಣ್ದೆ ಇರೋವರ್ಗೂ ಅದು ನಿಮ್ ತಾತ ಕಣ್ಲಾ. ಕಂಡ್ಮೇಲೆ ಬರೀ ಕಬ್ಬಿಣ."

ನನಗೆ ಇನ್ನೂ ಕೋಪ ಬಂತು. ಮುದುಕಿಗೆ ಭಯ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ, ಇಂಚರ ಓದಲಿ. ಬಿಟಿಎಂ ಅಂಗಡಿಯಲ್ಲಿ ಒಂದು ದೊಡ್ಡ ಕಾರಿನ ಸೀಟಿಗೆ ತಂದ ಅಸಲಿ ಚರ್ಮದಲ್ಲಿ ತುಂಡು ಉಳಿದಿತ್ತು, ಜೇನಿನ ಬಣ್ಣದ್ದು. ನಾಲ್ಕು ದಿನ ಕೂತು ಅದರಲ್ಲಿ ಒಂದು ಚೀಲ ಹೊಲಿದೆ, ಸೊಂಟದ ಬೆಲ್ಟಿಗೆ ಸಿಕ್ಕಿಸುವಂಥದ್ದು. ಕೆಂಪು ದಾರ, ಜೋಡಿ ಹೊಲಿಗೆ. ಮೇಲೆ ಮುಚ್ಚಳ ಇಡಲಿಲ್ಲ. ಹಿಡಿ ಎದ್ದು ಕಾಣಲಿ ಎಂದು ಬೇಕೆಂದೇ ಇಡಲಿಲ್ಲ. ನೀನು ಹೊಲಿಗೆಯ ಮೇಲೆ ಬೆರಳಾಡಿಸಿ, "ಕೈ ಚೆನ್ನಾಗೈತೆ, ತಲೆನೂ ಇದ್ದಿದ್ರೆ" ಎಂದೆ.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸ್ ಇರುವವರು ಬಂದೂಕು ತೆಗೆದುಕೊಂಡು ಹೋಗಿ ಸ್ಟೇಷನ್ನಿನಲ್ಲಿ ಇಟ್ಟು ಚೀಟಿ ತರಬೇಕು. ಪ್ರತಿ ಸಲ ತಾತನ ಹಳೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತಿದ್ದವಳು ಆ ಸಲ ನನ್ನ ಮನಸ್ಸು ನೋಯಿಸಬಾರದು ಎಂದು ನಾನು ಹೊಲಿದ ಚೀಲದಲ್ಲೇ ಇಟ್ಟೆ. ಗುಂಡುಗಳು ಬೇರೆ ಪೊಟ್ಟಣದಲ್ಲಿ. ಸೀರೆಯ ಮೇಲೆ ಬೆಲ್ಟು, ಅದರ ಮೇಲೆ ಕಂದು ಶಾಲು, ಮಂಡಿಯವರೆಗೆ. ಏಪ್ರಿಲ್ ಬಿಸಿಲಿನಲ್ಲಿ ಶಾಲು! ನಿನ್ನನ್ನು ಸ್ಕೂಟರ್ ಹತ್ತಿಸಿಕೊಂಡು ಬಿಳೇಕಹಳ್ಳಿಯ ಮನೆಯಿಂದ ಹೊರಟೆ. ನೇರ ಸ್ಟೇಷನ್ನಿಗೆ ಹೋಗಬೇಕಿತ್ತು. ನಾನು ಸೈಟಿಗೆ ತಿರುಗಿಸಿದೆ.

ಚಕ್ರಪಾಣಿ ಜೆಸಿಬಿ ನೆರಳಿನಲ್ಲಿ ಎಳನೀರು ಕುಡಿಯುತ್ತಿದ್ದ. ಅವನ ಹುಡುಗರು ನಾಲ್ಕು ಜನ. ನೀನು ಇಳಿದು, "ಯಾಕ್ಲಾ ಇಲ್ಲಿಗೆ?" ಎಂದು ಕೇಳುವಷ್ಟರಲ್ಲಿ ನಾನು ನಿನ್ನ ಶಾಲು ಹಿಡಿದು ಎಳೆದೆ.

ಅಜ್ಜಿ, ಆ ಒಂದು ಕ್ಷಣ ನಿನ್ನ ಮುಖ ಏನಾಯಿತು ಎಂದು ನಾನು ಇಷ್ಟು ದಿನ ಯಾರಿಗೂ ಹೇಳಿಲ್ಲ. ಬೀದಿಯಲ್ಲಿ ಸೆರಗು ಎಳೆದ ಹಾಗಾಯಿತು ನಿನಗೆ. ಎರಡೂ ಕೈಯಿಂದ ಆ ಚೀಲ ಮುಚ್ಚಿಕೊಂಡೆ. ಮತ್ತೆ ಆ ದರಿದ್ರದವನು, ಹೆದರಿ ಓಡುತ್ತಾನೆ ಎಂದು ನಾನು ಕಾದಿದ್ದೆನಲ್ಲ, ಅವನು ನಕ್ಕ. "ಏನಜ್ಜಿ, ಮೊಮ್ಮಗ ಜಾತ್ರೇಲಿ ಕೊಡ್ಸಿದ್ನಾ?" ಎಂದ. ಅವನ ಹುಡುಗನೊಬ್ಬ ಫೋನ್ ತೆಗೆದು ವಿಡಿಯೋ ಹಿಡಿದ. ನೀನು ನನ್ನ ಕೈಯಿಂದ ಶಾಲು ಕಿತ್ತುಕೊಂಡು ಹೊದ್ದು, ಸ್ಕೂಟರ್ ಹತ್ತಿದೆ.

ನಾವು ಸ್ಟೇಷನ್ ತಲುಪುವ ಮೊದಲೇ ವಿಡಿಯೋ ತಲುಪಿತ್ತು. ಎಸ್‌ಐ ಉಮಾಮಹೇಶ್ವರಿ ಮೇಡಂ ನಿನಗೆ ಕುರ್ಚಿ ಹಾಕಿಸಿದರು, ನನ್ನನ್ನು ನಿಲ್ಲಿಸಿದರು. ನಾನು ಅಲ್ಲೂ ಎಗರಾಡಿದೆ. "ಲೈಸೆನ್ಸ್ ಇದೆ ಮೇಡಂ, ಕಾಣೋ ಹಾಗೆ ಇಟ್ಕೊಂಡ್ರೆ ಏನ್ ತಪ್ಪು? ಹೊರದೇಶದಲ್ಲಿ ತರಕಾರಿ ತಗೊಳ್ಳೋಕೂ ಇಟ್ಕೊಂಡು ಹೋಗ್ತಾರೆ."

"ಅದು ಆ ದೇಶ. ಇದು ಬೇಗೂರು," ಎಂದರು ಅವರು. "ಚೀಲದಲ್ಲಿಟ್ಟು ಮೈಗೆ ಕಟ್ಕೊಂಡು ಹೋಗ್ಬಹುದು, ಬ್ಯಾಗಲ್ಲಿ ಒಯ್ಬಹುದು. ಆದ್ರೆ ಪೂರ್ತಿ ಮುಚ್ಚಿರ್ಬೇಕು. ಹೊರಗೆ ತೋರಿಸ್ಕೊಂಡು ಓಡಾಡೋ ಹಾಗಿಲ್ಲ. ಇನ್ನೊಬ್ರನ್ನ ಹೆದ್ರಿಸೋಕೆ ತೋರಿಸಿದ್ರಂತೂ ಲೈಸೆನ್ಸೇ ಹೋಗುತ್ತೆ, ಕೇಸೂ ಆಗುತ್ತೆ. ಲೈಸೆನ್ಸ್ ಕೊಟ್ಟಿರೋದು ಪ್ರಾಣಕ್ಕೆ, ಪೋಸಿಗಲ್ಲ. ಅರ್ಥ ಆಯ್ತಾ? ಈಗ ಹೇಳಿ, ಶಾಲು ತೆಗೆದಿದ್ದು ಯಾರು?"

ಇಡೀ ಬಿಳೇಕಹಳ್ಳಿಗೆ ಕೇಳುವ ಹಾಗೆ ಕೂಗುವ ಬಾಯಿ ನನ್ನದು. ಅವತ್ತು ಒಂದು ಮಾತು ಹೊರಡಲಿಲ್ಲ.

"ನಾನೇ ಕಣವ್ವ," ಎಂದೆ ನೀನು. "ಸೆಕೆ ಆಯ್ತು, ತೆಗ್ದೆ."

ಅವರು ಹಾಗೇ ಬರೆದುಕೊಂಡರು. ನೀನು ಓದಲು ಬಾರದ ಆ ಕಾಗದಕ್ಕೆ ಸಹಿ ಹಾಕಿದೆ. ಪಕ್ಕದಲ್ಲಿ ಓದಲು ಬರುವ ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಲೈಸೆನ್ಸ್ ಯಾಕೆ ರದ್ದು ಮಾಡಬಾರದು ಎಂದು ನೋಟಿಸ್ ಬಂತು. ನಾನು ಲಾಯರು ಹುಡುಕಲು ಹೊರಟರೆ ನೀನು ಬೇಡ ಎಂದೆ. ಚುನಾವಣೆ ಮುಗಿದ ಮೇಲೆ ನೀನೊಬ್ಬಳೇ ಹೋಗಿ, ರಿವಾಲ್ವರೂ ವಾಪಸ್ ಬೇಡ, ಲೈಸೆನ್ಸೂ ಬೇಡ ಎಂದು ಬರೆಸಿ ಕೊಟ್ಟು ಬಂದೆ. ಅವತ್ತು ಬೀರುವಿನ ಆ ಖಾನೆಯಲ್ಲಿ ಖಾಲಿ ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಸಿ ಇಟ್ಟೆ. ನಾನು ನೋಡಿದೆ. ತಾತನದು ಎಂದು ಉಳಿದಿದ್ದ ವಸ್ತು ನನ್ನ ಕೈಯಿಂದ ಹೋಯಿತು, ನೀನು ನನಗೆ ಒಂದು ಬೈಗುಳವನ್ನೂ ಕೊಡಲಿಲ್ಲ. ಬೈದಿದ್ದರೆ ನಿದ್ದೆ ಬರುತ್ತಿತ್ತು.

ಮಾರನೇ ದಿನದಿಂದ ಅಜ್ಜಿ ಮಾಡಿದ್ದನ್ನು ನೀನು ನೋಡಬೇಕಿತ್ತು ಇಂಚರಾ. ಬೆಳಿಗ್ಗೆ ಎಂಟಕ್ಕೆ ಸೈಟಿಗೆ ಬಂದು ಗಡಿಕಲ್ಲಿನ ಪಕ್ಕ ಪ್ಲಾಸ್ಟಿಕ್ ಸ್ಟೂಲು ಹಾಕಿ ಕೂರುವುದು. ಅದೇ ಶಾಲು. ಕೆಳಗೆ ಎಲೆಅಡಿಕೆ ಸಂಚಿ ಉಬ್ಬಿಕೊಂಡಿರುತ್ತಿತ್ತು. ರಿವಾಲ್ವರ್ ಅಸಲಿ ಎಂದು ಚಕ್ರಪಾಣಿಗೆ ಅಷ್ಟರಲ್ಲಿ ಗೊತ್ತಾಗಿತ್ತು, ಅದನ್ನು ಒಪ್ಪಿಸಿ ಬಂದಿದ್ದು ಗೊತ್ತಿರಲಿಲ್ಲ. ಅಜ್ಜಿ ಯಾರಿಗೂ ಏನೂ ಅನ್ನಲಿಲ್ಲ. ಸುಣ್ಣ ತೆಗೆಯಲು ಶಾಲಿನೊಳಗೆ ಕೈ ಹಾಕಿದಾಗಲೆಲ್ಲ ಚಕ್ರಪಾಣಿಯ ಮಾತು ನಿಲ್ಲುತ್ತಿತ್ತು. ಕೈ ಹೊರಗೆ ಬಂದು ವೀಳ್ಯದೆಲೆ ಕಾಣುವವರೆಗೆ ಅವನು ಉಸಿರು ಬಿಡುತ್ತಿರಲಿಲ್ಲ. ಕಂಡಾಗ ನಕ್ಕವನು, ಕಾಣದೆ ಇದ್ದಾಗ ಬೆವರಿದ! ಹದಿಮೂರನೇ ದಿನ ಜೆಸಿಬಿ ಹೋಯಿತು. ಜಲ್ಲಿಯೂ ಹೋಯಿತು. ಗಡಿಕಲ್ಲನ್ನು ಅವನ ಹುಡುಗರೇ ಹೊತ್ತು ಮೊದಲಿನ ಜಾಗಕ್ಕೆ ಇಟ್ಟರು. "ಬೇಜಾರ್ ಮಾಡ್ಕೋಬೇಡಿ ಅಜ್ಜಿ," ಎಂದು ಚಕ್ರಪಾಣಿ ಬಂದಾಗ ಅಜ್ಜಿ ಅವನಿಗೂ ಒಂದು ಎಲೆ ಮಡಿಸಿ ಕೊಟ್ಟಳು.

ಅಜ್ಜಿ, ಈಗ ಕಾಗದ ಬರೆದ ಕಾರಣಕ್ಕೆ ಬರುತ್ತೇನೆ.

ಅಂಗಡಿಗೆ ಶೀಟು ಹೊದಿಸಿದ ದಿನ ಎಲ್ಲ ಚೆನ್ನಾಗಿತ್ತು, ಆದರೂ ನನಗೆ ಊಟ ಇಳಿಯಲಿಲ್ಲ. ನೀನು ಸುಳ್ಳು ಹೇಳಿ ಉಳಿಸಿದ ಮೊಮ್ಮಗ ಈ ಜಾಗದಲ್ಲಿ ಕೂತು ಹೇಗೆ ಹೊಲಿಯುವುದು? ಮೊನ್ನೆ ಶುಕ್ರವಾರ ಸ್ಟೇಷನ್ನಿಗೆ ಹೋದೆ. ಉಮಾಮಹೇಶ್ವರಿ ಮೇಡಂ ಮುಂದೆ ನಿಂತು ಹೇಳಿದೆ, ಶಾಲು ಎಳೆದಿದ್ದು ನಾನು, ಅಜ್ಜಿ ಹೇಳಿದ್ದು ಸುಳ್ಳು, ಅವಳ ಹೆಸರಿನಲ್ಲಿ ಆ ತಪ್ಪು ಇರಬಾರದು ಎಂದು. ಅವರು ಬಿಳಿ ಹಾಳೆ ತಳ್ಳಿದರು. "ಬರೆದುಕೊಡು. ಮೇಲಿನವ್ರಿಗೆ ಕಳಿಸ್ತೀನಿ. ಕರೆದ್ರೆ ಬರ್ಬೇಕು." ಬರೆದೆ. ನಾಲ್ಕು ಸಾಲು, ಅರ್ಧ ಗಂಟೆ. ಸ್ಕೂಲು ಬಿಟ್ಟ ಮೇಲೆ ನಾನು ಬರೆದ ಮೊದಲನೇ ಕಾಗದ ಅದು. ಇದು ಎರಡನೆಯದು.

ಮೇಡಂ ಓದಿ ಫೈಲಿಗೆ ಸೇರಿಸಿ, "ನಂಗೆ ಅವತ್ತೇ ಗೊತ್ತಿತ್ತು," ಎಂದರು. "ವಿಡಿಯೋದಲ್ಲಿ ಶಾಲು ಹಿಡ್ಕೊಂಡಿದ್ದ ಕೈಯಲ್ಲಿ ಸೀಟಿನ ಅಂಟು ಕಪ್ಪಾಗಿ ಮೆತ್ಕೊಂಡಿತ್ತು. ನಿಮ್ಮಜ್ಜಿ ಬೆರಳಲ್ಲಿ ಇರೋದು ಸುಣ್ಣ."

"ಮತ್ತೆ ಯಾಕೆ ಮೇಡಂ ಸುಮ್ನಿದ್ರಿ?"

"ರಿವಾಲ್ವರ್ ಬೇಡ ಅಂತ ಬರ್ಕೊಡೋಕೆ ಬಂದಾಗ ನಿಮ್ಮಜ್ಜೀನೇ ನಿಜ ಹೇಳಿದ್ರು. ಹುಡುಗ ಅವನಾಗೇ ಬಂದು ಹೇಳ್ತಾನೆ, ಅಲ್ಲೀವರ್ಗೂ ಕರೀಬೇಡ ಕಣವ್ವ ಅಂದ್ರು. ಎಷ್ಟು ದಿನ ಕಾಯ್ಲಿ ಅಂತ ಕೇಳ್ದೆ. ಸ್ವಲ್ಪ ಒರಟ, ತಡ ಆಯ್ತದೆ, ಆದ್ರೆ ಬತ್ತಾನೆ ಅಂದ್ರು."

ಮುದುಕಿ, ನೀನು ಇಷ್ಟು ದಿನ ಏನೂ ಗೊತ್ತಿಲ್ಲದವಳ ಹಾಗೆ ನನಗೆ ಮುದ್ದೆ ಬಡಿಸಿದೆಯಲ್ಲ! ನಾನು ಸ್ಟೇಷನ್ನಿನ ಮೆಟ್ಟಿಲಿನ ಮೇಲೆ ಕೂತು ಅತ್ತೆ. ಒಬ್ಬ ಪೇದೆ ಬಂದು, "ಏನಪ್ಪಾ, ಫೋನ್ ಕಳ್ದೋಯ್ತಾ?" ಎಂದು ಕೇಳಿದರು. ಇಲ್ಲ ಸಾರ್, ಸಿಕ್ತು ಎಂದೆ.

ಈ ಕಾಗದದ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಇಂಚರಾ, ಬಿಚ್ಚಿ ಅಜ್ಜಿಯ ಕೈಗೆ ಕೊಡು. ನಾನು ಹೊಲಿದಿದ್ದ ಆ ರಿವಾಲ್ವರ್ ಚೀಲ ಮೂರು ತಿಂಗಳು ಮಷೀನಿನ ಕೆಳಗೆ ಬಿದ್ದಿತ್ತು. ಕೆಂಪು ದಾರ ಪೂರ್ತಿ ಬಿಚ್ಚಿ, ಅದೇ ಚರ್ಮದಲ್ಲಿ ಹೊಸ ಎಲೆಅಡಿಕೆ ಸಂಚಿ ಹೊಲಿದಿದ್ದೇನೆ. ಎಲೆಗೆ ಒಂದು ಖಾನೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು ಪುಟ್ಟ ಜೇಬು. ಈ ಸಲ ಮುಚ್ಚಳ ಇಟ್ಟಿದ್ದೇನೆ. ಮುಚ್ಚಿದರೆ ಒಳಗೇನಿದೆ ಎಂದು ಯಾವ ಮಗನಿಗೂ ಗೊತ್ತಾಗುವುದಿಲ್ಲ.

ಕಣ್ಣು ತಿಳಿಯಾದ ಮೇಲೆ ಬೇಗ ಬಾ. ಗಡಿಕಲ್ಲಿನ ಪಕ್ಕ ನಿನ್ನ ಸ್ಟೂಲು ಹಾಗೇ ಇದೆ, ಅದಕ್ಕೂ ಒಂದು ಮೆತ್ತನೆ ಸೀಟು ಹೊಲಿದಿದ್ದೇನೆ. ಬಂದು ಕೂತು, ಅವತ್ತು ಬಾಕಿ ಇಟ್ಟ ಬೈಗುಳವನ್ನೆಲ್ಲ ಒಂದೂ ಬಿಡದೆ ಬೈದು ಮುಗಿಸು. ನಿನ್ನ ಸಂಚಿಯಲ್ಲಿ ಎಲೆ ಬಾಡದಿರಲಿ, ನಿನ್ನ ಬಾಯಿಯ ಕೆಂಪು ಮಾಸದಿರಲಿ.

ಇಂತಿ, ತಡವಾಗಿಯಾದರೂ ಬಂದ
ನಿನ್ನ ಒರಟ ಮೊಮ್ಮಗ,
ರೇವಂತ